ಪುಟ್ಟಲಕ್ಷ್ಮಿಯವರ ಜಗಲಿಗೆ ಎದುರಾದ ಕಂಬ

ಯಲಹಂಕ ಉಪನಗರದ ಒಂದು ಅಡ್ಡರಸ್ತೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಾಗಲೂರು ಕಡೆಯಿಂದ ಬಂದ ಮೊದಲ ಬಸ್ಸಿಳಿದ ಹೆಂಗಸರು ಬಿರಬಿರನೆ ನಡೆದು ಬರುತ್ತಿದ್ದಾರೆ. ಒಬ್ಬರ ಮನೆ ಪಾತ್ರೆ, ಇನ್ನೊಬ್ಬರ ಮನೆ ನೆಲ, ಮತ್ತೊಬ್ಬರ ಮನೆ ಬಟ್ಟೆ ಇವರಿಗಾಗಿ ಕಾಯುತ್ತಿವೆ. ಆ ಗುಂಪಿನಿಂದ ಗೋಪಾಲಮ್ಮ ಮಾತ್ರ ಬೇರೆಯಾಗಿ ಒಂದು ಮನೆಯ ಗೇಟು ತಳ್ಳಿ, ಚಪ್ಪಲಿ ಬಿಟ್ಟು ಜಗಲಿ ಹತ್ತಿ, ಬೆತ್ತದ ಕುರ್ಚಿಯಲ್ಲಿ ಕೂತವರ ಮುಂದೆ ತಮ್ಮ ಫೋನು ಚಾಚುತ್ತಾರೆ. ಕೂತ ಅಜ್ಜಿ ತಟ್ಟನೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ.

ಹೊಸಬರು ನೋಡಿದರೆ ಮಡಿ ಹೆಂಗಸು ಹಿಂದೆ ಸರಿದರು ಅಂತಲೇ ಅಂದುಕೊಳ್ಳಬೇಕು. ವಿಷಯ ಅದಲ್ಲ.

"ನಾನು ಮುಟ್ಟಲ್ಲ ಗೋಪಾಲಮ್ಮ. ನಿಮ್ಮ ಫೋನು, ನೀವೇ ಒತ್ತಿ. ಎಲ್ಲಿ ಅಂತ ನಾನು ಹೇಳ್ತೀನಿ."

ಗೋಪಾಲಮ್ಮನ ಫೋನಿಗೆ ಯಾರೋ ಟಾರ್ಚಿನ ಆ್ಯಪ್ ಹಾಕಿಕೊಟ್ಟಿದ್ದಾರೆ. ಅದೀಗ ಫೋನಿನಲ್ಲಿರುವ ನಂಬರುಗಳನ್ನೆಲ್ಲ ನೋಡಲೇ ಅಂತ ಕೇಳುತ್ತಿದೆ. ಬೆಳಕು ಬಿಡುವುದಕ್ಕೆ ನಿಮ್ಮ ನಾದಿನಿ ನಂಬರ್ ಯಾಕೆ ಬೇಕಂತೆ ಅದಕ್ಕೆ ಅನ್ನುತ್ತಾರೆ ಅಜ್ಜಿ. ಗೋಪಾಲಮ್ಮ ಒಂದು ಗಳಿಗೆ ಯೋಚನೆ ಮಾಡುತ್ತಾರೆ. "ನಾದಿನೀದೊಂದು ಬೇಕಾರೆ ತಗೊಂಡೋಗ್ಲಿ ಕಣಮ್ಮ. ದಿನಾ ಫೋನ್ ಮಾಡಿ ತಲೆ ತಿಂತಾಳೆ. ಮಿಕ್ಕಿದ್ದು ಬ್ಯಾಡ." ಆಮೇಲೆ ಅಜ್ಜಿ ತೋರಿಸಿದ ಜಾಗದಲ್ಲಿ ತಾವೇ ಬೆರಳಿಟ್ಟು, "ಇಂಗಾ?" ಅಂತ ಕೇಳಿ, ಒತ್ತಿ, ಫೋನನ್ನು ರವಿಕೆಯೊಳಗೆ ಸೇರಿಸಿಕೊಂಡು ಹೊರಡುತ್ತಾರೆ. ಜಗಲಿಗೆ ಮುಂದಿನವರು ಬರುತ್ತಾರೆ.

ಅಜ್ಜಿಯ ಹೆಸರು ಪುಟ್ಟಲಕ್ಷ್ಮಿ. ವಯಸ್ಸು ಎಪ್ಪತ್ತು ದಾಟಿದೆ. ಈ ಊರಿನಲ್ಲಿ ಕಂಪ್ಯೂಟರ್ ಅಂದರೆ ಏಸಿ ರೂಮಿನ ದೇವರು ಅಂತಿದ್ದ ಕಾಲದಲ್ಲಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ಅದಕ್ಕೆ ಪ್ರೋಗ್ರಾಮ್ ಬರೆದವರು. ಸರ್ಕಾರಿ ಸ್ವಾಮ್ಯದ ಒಂದು ಕಾರ್ಖಾನೆಯಲ್ಲಿ ಸೇರಿ, ಅಲ್ಲೇ ತಲೆ ನರೆತು, ಅಲ್ಲೇ ನಿವೃತ್ತರಾದರು. ಈಗ ಬೆಳಗಿನ ಕಾಫಿ ಆದಮೇಲೆ ಒಂದು ತಾಸು ಈ ಜಗಲಿ. ಮನೆಗೆಲಸದವರು, ಹೂ ಮಾರುವವರು, ಜಕ್ಕೂರಿನ ಅಪಾರ್ಟ್‌ಮೆಂಟಿಗೆ ಅಡುಗೆಗೆ ಹೋಗುವವರು, ಯಾರು ಬಂದರೂ ಸರಿ. ಕಾಸಿಲ್ಲ, ಬೋರ್ಡಿಲ್ಲ. ಬೇರೆಯವರ ಫೋನು ಕೈಯಲ್ಲಿ ಹಿಡಿಯಬಾರದು ಅನ್ನುವುದು ಅವರು ತಮಗೆ ತಾವೇ ಹಾಕಿಕೊಂಡಿರುವ ಕಟ್ಟು. "ಒಂದ್ಸಲ ಕೈಗೆ ಕೊಟ್ರೆ ಅಭ್ಯಾಸ ಆಗೋಗುತ್ತೆ. ಇವತ್ತು ನನ್ನ ಕೈಗೆ ಕೊಟ್ಟೋರು ನಾಳೆ ಇನ್ಯಾವನ ಕೈಗೋ ಕೊಡ್ತಾರೆ" ಅನ್ನುತ್ತಾರೆ.

ಟೆಕ್ನಾಲಜಿ ಬಿಟ್ಟು ಕಾಡಿಗೆ ಹೋಗಿ ಅನ್ನುವ ಪೈಕಿ ಅವರಲ್ಲ. ತಣಿಸಂದ್ರದ ತಂಗಿ ಜೊತೆ ವಿಡಿಯೋದಲ್ಲೇ ಚಕ್ಕುಲಿ ಹಿಟ್ಟಿನ ಹದ ನೋಡುತ್ತಾರೆ. ಕರೆಂಟ್ ಬಿಲ್ ಫೋನಿನಲ್ಲೇ ಕಟ್ಟುತ್ತಾರೆ. ಸೊಪ್ಪಿನವಳಿಗೆ ಮಾತ್ರ ಕೈಯಲ್ಲಿ ದುಡ್ಡು ಕೊಡುತ್ತಾರೆ. ನಾನು ಯಾವ ಸೊಪ್ಪು ತಿಂದೆ ಅನ್ನುವುದು ಸೊಪ್ಪಿನವಳಿಗೂ ನನಗೂ ಗೊತ್ತಿದ್ದರೆ ಸಾಕು, ಬ್ಯಾಂಕಿಗೆ ಯಾಕೆ ಅನ್ನುವುದು ಅವರ ವಾದ.

ಮನೆಯೊಳಗೆ ಈ ವಾದ ಸೋತಿದೆ. ಯಜಮಾನರು ಶೇಷಗಿರಿ ಯಾವ ಅಂಗಡಿಗೆ ಹೋದರೂ ಕೇಳುವ ಮೊದಲೇ ನಂಬರ್ ಹೇಳಿಬಿಡುವ ಮನುಷ್ಯ. ಹುಟ್ಟುಹಬ್ಬದ ದಿನ ಅವರಿಗೆ ಅಂಗಡಿಗಳಿಂದ ಶುಭಾಶಯಗಳ ಮಳೆ. ತಿಂಡಿ ತಟ್ಟೆ ಹಿಡಿದು ಜಗಲಿಗೆ ಬಂದವರೇ, ಪುಟ್ಟಲಕ್ಷ್ಮಿಯವರ ಬಗ್ಗೆ ಬರೆಯಲು ಬಂದು ಕೂತಿದ್ದ ನನ್ನ ಹತ್ತಿರ ದೂರು ಶುರು ಮಾಡಿದರು. "ನೋಡಪ್ಪ, ಈ ವರ್ಷ ನನ್ನ ಹುಟ್ಟುಹಬ್ಬ ಮರೆತಿದ್ದು ಇವಳೊಬ್ಬಳೇ. ಚಪ್ಪಲಿ ಅಂಗಡಿಯೋನು ಮರೀಲಿಲ್ಲ." ಪುಟ್ಟಲಕ್ಷ್ಮಿ ತಲೆಯೆತ್ತಲಿಲ್ಲ. "ಅವನಿಗೆ ನಿಮ್ಮ ಕಾಲಿನ ಅಳತೇನೂ ಗೊತ್ತು. ಅಲ್ಲೇ ಹೋಗಿ ಇರಿ."

ಕಾರ್ಖಾನೆಯ ಕಥೆಗಳಲ್ಲಿ ಒಂದನ್ನು ಮಾತ್ರ ಅವರು ತಾವಾಗಿ ಹೇಳಿದರು. ನೌಕರರ ರಜೆ ನೋಡಿಕೊಳ್ಳುವ ಪ್ರೋಗ್ರಾಮ್ ಬರೆಯುವ ಕೆಲಸ ಇವರಿಗೆ ಬಂತು. ರಜೆ ಯಾಕೆ ಬೇಕು ಅನ್ನುವುದೂ ಅದರಲ್ಲಿ ಇರಲಿ ಅಂದರು ಮೇಲಿನವರು. ಆವಾಗ ಹೆಂಗಸರು ಹೇಳಬಾರದ್ದನ್ನೆಲ್ಲ ಹೇಳಿ ರಜೆ ತೆಗೆದುಕೊಳ್ಳಬೇಕಿತ್ತು. ಬಸಿರು ಇಳಿದದ್ದು, ಗಂಡ ಹೊಡೆದದ್ದು, ಎಲ್ಲ ಗುಮಾಸ್ತರ ಬಾಯಿಗೆ ಬಿದ್ದು, ಮಧ್ಯಾಹ್ನದ ಹೊತ್ತಿಗೆ ಕ್ಯಾಂಟೀನಿನಲ್ಲಿ ಉಪ್ಪಿಟ್ಟಿನ ಜೊತೆ ನಂಜಿಕೊಳ್ಳೋಕೆ ಸಿಗುತ್ತಿತ್ತು. ಪುಟ್ಟಲಕ್ಷ್ಮಿ ಜಗಳ ಆಡಲಿಲ್ಲ. ಕಾರಣಕ್ಕೆ ಅಂತ ಜಾಗ ಇಟ್ಟರು, ಒಂದೇ ಒಂದು ಅಕ್ಷರ ಹಿಡಿಯುವಷ್ಟು. ಸ್ವಂತ ಕೆಲಸಕ್ಕೆ ಒಂದಕ್ಷರ, ಕಾಯಿಲೆಗೆ ಒಂದಕ್ಷರ. ಅದಕ್ಕಿಂತ ಹೆಚ್ಚು ತುಂಬಲು ಹೋದರೆ ಮಿಷನ್ನು ತೆಗೆದುಕೊಳ್ಳುವುದಿಲ್ಲ. ಸಾಹೇಬರು ಕೇಳಿದರೆ, ಕಂಪ್ಯೂಟರಿನಲ್ಲಿ ಜಾಗ ಕಮ್ಮಿ ಸಾರ್ ಅಂದರಂತೆ.

"ಜಾಗ ಇದ್ರೆ ಜನ ತುಂಬಿಸ್ತಾರೆ. ಕಾಣೋ ಹಾಗಿದ್ರೆ ನೋಡೇ ನೋಡ್ತಾರೆ. ಅವರು ಕೆಟ್ಟೋರು ಅಂತಲ್ಲ. ಬೀಗ ಹಾಕೋದು ಕಳ್ಳರಿಗೋಸ್ಕರ ಕಣಪ್ಪ, ಬಾಗಿಲು ಮುಂದೆ ಮಾಡ್ಕೊಳ್ಳೋದು ಒಳ್ಳೆಯವರಿಗೋಸ್ಕರ."

ಈ ಮಾತು ಅವರು ಹೇಳಿದ್ದು ಎದುರಿನ ಕಂಬ ನೋಡಿಕೊಂಡು. ರಸ್ತೆಯಲ್ಲಿ ಎರಡು ಸ್ಕೂಟರಿನ ಬ್ಯಾಟರಿ, ಒಂದಷ್ಟು ಹೂಕುಂಡ ಕಳುವಾಗಿದ್ದವು. ನಿವಾಸಿಗಳ ಸಂಘ ಜಗಲಿಯ ನೇರಕ್ಕೆ ಕಂಬ ನೆಟ್ಟು ಕ್ಯಾಮೆರಾ ಕಟ್ಟಿತು. ಇಷ್ಟೇ ಆಗಿದ್ದರೆ ಬೇರೆ ಮಾತು. ಆದರೆ ಕ್ಯಾಮೆರಾ ಕಂಡದ್ದೆಲ್ಲ ರಸ್ತೆಯ ಪ್ರತಿ ಮನೆಯವರ ಫೋನಿನಲ್ಲೂ ಆಗಿಂದಾಗಲೇ ಕಾಣಬೇಕು ಅಂತ ತೀರ್ಮಾನ ಮಾಡಲು ಹೊರಟಿತ್ತು. ಪಾರದರ್ಶಕ ಆಡಳಿತವಂತೆ. ನಿಮ್ಮ ಮುಸುರೆ ತಿಕ್ಕುವುದಕ್ಕೆ ನಿದ್ದೆಗೆಟ್ಟು ಬಸ್ ಹತ್ತಿ ಬರುವ ಹೆಂಗಸರು ಪಾರದರ್ಶಕ ಆಗಬೇಕು, ನಿಮ್ಮ ಕಿಟಕಿಗೆ ಮಾತ್ರ ದಪ್ಪ ಪರದೆ! ಕೇಳಿದವರ ಮೈ ಉರಿಯದೆ ಇನ್ನೇನಾಗುತ್ತೆ?

ಅದರಲ್ಲಿ ನಿಜಕ್ಕೂ ಸಿಕ್ಕಿಹಾಕಿಕೊಂಡವಳು ಕಲಾವತಿ. (ಪುಟ್ಟಲಕ್ಷ್ಮಿ, ಶೇಷಗಿರಿಯವರದ್ದು ಬಿಟ್ಟು ಇಲ್ಲಿರುವ ಹೆಸರೆಲ್ಲ ಬದಲಾಯಿಸಿದ್ದು. ಪುಟ್ಟಲಕ್ಷ್ಮಿ ಮಾತಾಡಲು ಒಪ್ಪಿದ್ದೇ ಆ ಕರಾರಿನ ಮೇಲೆ. ಕಲಾವತಿಗೆ ಇದನ್ನು ಪೂರ್ತಿ ಓದಿ ಹೇಳಿದ ಮೇಲೆ ಅಚ್ಚಿಗೆ ಕೊಟ್ಟದ್ದು. ಹೆಸರು ಆಕೆಯೇ ಆರಿಸಿದ್ದು. "ಅಚ್ಚಾಗೋದೇ ಆದ್ರೆ ಚೆನ್ನಾಗಿರೋದು ಹಾಕಿ" ಅಂದಳು.)

ಎರಡು ಮನೆ ಆಚೆ ಪಾತ್ರೆ, ಬಟ್ಟೆ ನೋಡಿಕೊಳ್ಳುವ ಕಲಾವತಿಯ ಗಂಡ ಬಾಲರಾಜ್, ಆಕೆಯ ಫೋನ್ ಎಲ್ಲಿದೆ ಅಂತ ತನ್ನ ಫೋನಿನ ಮ್ಯಾಪಿನಲ್ಲಿ ಕಾಣುವ ಹಾಗೆ ಮಾಡಿಟ್ಟಿದ್ದ. ಆಕೆ ಒಂದು ಚುಕ್ಕೆ. ಚುಕ್ಕೆ ಅಲ್ಲಾಡಿದರೆ ಫೋನ್ ಬರುತ್ತೆ, ಎಲ್ಲಿಗೆ ಹೊರಟೆ ಅಂತ. ಜಗಲಿಗೆ ಬಂದು ಕೇಳಿದಾಗ ಪುಟ್ಟಲಕ್ಷ್ಮಿ ಅದನ್ನು ಆಫ್ ಮಾಡುವುದು ಹೇಳಿಕೊಟ್ಟರು. ಅವತ್ತು ಮನೆಯಲ್ಲಿ ರಂಪ. ಚುಕ್ಕೆ ಯಾಕೆ ಮಾಯವಾಯ್ತು ಅಂತ ಬಾಲರಾಜ್ ಆಕೆಯ ಫೋನನ್ನೇ ಗೋಡೆಗೆ ಎಸೆದಿದ್ದ. ಚುಕ್ಕೆಯನ್ನು ಮತ್ತೆ ಹಾಕಿಸಿಯೇ ಬಿಟ್ಟ.

"ತಪ್ಪು ನಂದೇ" ಅನ್ನುತ್ತಾರೆ ಪುಟ್ಟಲಕ್ಷ್ಮಿ. "ನಮ್ಮ ಲೆಕ್ಕದಲ್ಲಿ ಆಫ್ ಅಂದ್ರೆ ಆಫ್, ಅಲ್ಲಿಗೆ ಮುಗೀತು. ಆಫ್ ಆಯ್ತು ಅನ್ನೋದೂ ಒಂದು ಸುದ್ದಿ ಅಂತ ನನಗೆ ಹೊಳೀಲೇ ಇಲ್ಲ."

ಆಮೇಲೆ ಉಪಾಯ ಹುಡುಕಿದವಳು ಕಲಾವತಿಯೇ. ಕೆಲಸ ಮುಗಿದ ಮೇಲೆ ಫೋನನ್ನು ಈ ಜಗಲಿಯ ಗೂಡಿನಲ್ಲಿಟ್ಟು ಹೋಗುವುದು. ಎರಡು ಮನೆಯ ಅಂತರ ಮ್ಯಾಪಿಗೆ ತಿಳಿಯುವುದಿಲ್ಲ. ಚುಕ್ಕೆ ಕೆಲಸದ ಮನೆಯಲ್ಲೇ ಇರುತ್ತೆ, ಆಕೆ ಇರುವುದಿಲ್ಲ. ಒಂದು ತಾಸು ಕಳೆದು ಬಂದು ಎತ್ತಿಕೊಳ್ಳುವಳು. ಆ ಒಂದು ತಾಸು ಎಲ್ಲಿಗೆ ಹೋಗುತ್ತಾಳೆ? ನನಗೆ ಗೊತ್ತಿಲ್ಲ. ಪುಟ್ಟಲಕ್ಷ್ಮಿಗೂ ಗೊತ್ತಿಲ್ಲ, ಅವರು ಕೇಳಿಲ್ಲ. ಕೆರೆ ಏರಿ ಮೇಲೆ ಸುಮ್ಮನೆ ಕೂತು ಬರುತ್ತಾಳೋ ಏನೋ. ಕೂತರೆ ಯಾರಿಗೇನು ನಷ್ಟ?

ಈಗ ಕ್ಯಾಮೆರಾಗೆ ಜಗಲಿ ಕಾಣುತ್ತೆ, ಗೂಡು ಕಾಣುತ್ತೆ, ಫೋನಿಟ್ಟು ಹೊರಡುವ ಕಲಾವತಿಯೂ ಕಾಣುತ್ತಾಳೆ. ಸಂಘದ ತೀರ್ಮಾನ ಆಗಿಬಿಟ್ಟರೆ ಅದೆಲ್ಲ ಅಧ್ಯಕ್ಷ ಗುರುಚರಣ್ ಅವರ ಫೋನಿಗೂ ಹೋಗುತ್ತೆ. ಗುರುಚರಣ್ ಅವರ ಕಾರು ಓಡಿಸುವವನು ಬಾಲರಾಜ್. ಸಾಹೇಬರ ಫೋನ್ ಇರುವುದೇ ಸ್ಟೀರಿಂಗ್ ಪಕ್ಕದ ಸ್ಟ್ಯಾಂಡಿನಲ್ಲಿ.

ಭಾನುವಾರ ಪಾರ್ಕಿನ ಶೆಡ್ಡಿನಲ್ಲಿ ಮೀಟಿಂಗು. ಪುಟ್ಟಲಕ್ಷ್ಮಿ ಕಲಾವತಿಯ ಹೆಸರೆತ್ತಲಿಲ್ಲ, ಎತ್ತುವ ಹಾಗೂ ಇರಲಿಲ್ಲ. ಕ್ಯಾಮೆರಾ ಇರಲಿ, ಕಂಡದ್ದನ್ನು ಬೀಗ ಹಾಕಿಡಿ, ಕಳ್ಳತನ ಆದ ದಿನ ಮಾತ್ರ ಇಬ್ಬರು ಕೂತು ನೋಡಲಿ ಅಂತ ಕೇಳಿಕೊಂಡರು. ಹಾಗಾದರೆ ಮಜಾ ಏನು ಬಂತು ಅಂತ ಹಿಂದಿನಿಂದ ಯಾರೋ ಅಂದದ್ದಕ್ಕೆ ಎಲ್ಲ ನಕ್ಕರು. ಗುರುಚರಣ್ ಮರ್ಯಾದೆಯಾಗಿಯೇ ಮಾತಾಡಿದರು. "ಆಂಟಿ, ತಪ್ಪು ಮಾಡ್ದೇ ಇರೋರು ಯಾಕೆ ಹೆದರ್ಬೇಕು ಹೇಳಿ?" ಅದಕ್ಕೆ ಇವರು, "ನೀನು ಸ್ನಾನ ಮಾಡೋದು ತಪ್ಪೇನಪ್ಪ? ಮತ್ಯಾಕೆ ಚಿಲಕ ಹಾಕ್ಕೋತೀಯ?" ಅಂದರು. ಮತ್ತೆ ನಕ್ಕರು. ಕೈ ಎತ್ತಿ ಅಂದಾಗ ಇವರ ಕಡೆಗೆ ಎದ್ದದ್ದು ನಾಲ್ಕೈದು ಕೈ. ಅದರಲ್ಲಿ ಒಂದು ಶೇಷಗಿರಿಯವರದ್ದು. ಹೆಂಗಸರು ಬೆಳಗ್ಗೆ ಬೆಳಗ್ಗೆ ನಡೆಯುವ ರಸ್ತೆಯ ಬಗ್ಗೆ ತೀರ್ಮಾನ ಆಯಿತು. ಅವರಲ್ಲಿ ಒಬ್ಬಳಿಗೂ ಅಲ್ಲಿ ಕೈಯೆತ್ತುವ ಹಕ್ಕಿರಲಿಲ್ಲ.

ಮಾರನೇ ದಿನ ಜಗಲಿಗೆ ಯಾರೂ ಬರಲಿಲ್ಲ. ಅದರ ಮಾರನೇ ದಿನವೂ. ಗೇಟಿನ ಮುಂದೆ ಸೆರಗು ತಲೆಗೆಳೆದುಕೊಂಡು ಸರಸರನೆ ದಾಟಿಹೋದರು. ಗೋಪಾಲಮ್ಮ ಕಣ್ಣಲ್ಲೇ ನಮಸ್ಕಾರ ಮಾಡಿದರು. ಪುಟ್ಟಲಕ್ಷ್ಮಿ ಕಾಫಿ ಲೋಟ ಹಿಡಿದು ಸುಮ್ಮನೆ ಕೂತಿದ್ದರು, ಜಕ್ಕೂರಿನ ವಿಮಾನ ತರಬೇತಿ ಶಾಲೆಯ ಪುಟ್ಟ ವಿಮಾನ ತಲೆಯ ಮೇಲೆ ಗುಂಯ್‌ಗುಡುತ್ತ ಸುತ್ತುತ್ತಿತ್ತು.

ಹಿಂದಿನ ಓಣಿಯಿಂದ ಬರುತ್ತೇವೆ, ಅಡುಗೆಮನೆ ಬಾಗಿಲು ತೆಗೆದುಬಿಡಿ ಅಂತ ಕಲಾವತಿ ಹೇಳಿ ಕಳಿಸಿದಳು. ಪುಟ್ಟಲಕ್ಷ್ಮಿಯವರು ಮಾತಾಡುತ್ತ ತಡವರಿಸಿದ್ದು ಇಲ್ಲಿ ಮಾತ್ರ. ಆ ಮನೆಗೆ ಹಿಂಬಾಗಿಲೇ ಇಲ್ಲ. ಅತ್ತೆಯವರ ಕಾಲದಲ್ಲಿ ಕೆಲಸದವರು ಬರುತ್ತಿದ್ದದ್ದು ಹಿಂಬಾಗಿಲಿಂದ, ಅವರ ಲೋಟ ಇರುತ್ತಿದ್ದದ್ದು ಹಿತ್ತಲ ಗೋಡೆಯ ಮೇಲೆ. ಅತ್ತೆ ಹೋದ ವರ್ಷ ಪುಟ್ಟಲಕ್ಷ್ಮಿ ಗಾರೆಯವರನ್ನು ಕರೆಸಿ ಆ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿದ್ದರು. ಎಲ್ಲರೂ ಮುಂದಿನಿಂದ ಬರಲಿ ಅಂತ. ಈಗ ಈ ಹೆಂಗಸರ ಮಾನ ಉಳಿಸುವುದಕ್ಕೆ ಅದೇ ಬಾಗಿಲು ಒಡೆಸಬೇಕು. ಗಾರೆಯವನಿಗೆ ಫೋನ್ ಮಾಡಲು ಕೂತು, ನಂಬರ್ ಒತ್ತಿ, ಕತ್ತರಿಸಿ, ಮತ್ತೆ ಒತ್ತಿ, ಹಾಗೆಯೇ ಆ ವಾರ ಕಳೆಯಿತು.

ಆಮೇಲೆ ಒಂದು ಬೆಳಗ್ಗೆ ಗೇಟು ಸದ್ದಾಯಿತು. ಕಲಾವತಿ. ತಲೆ ಮೇಲೆ ಸೆರಗಿಲ್ಲ. ಕಂಬದ ಕಡೆ ಒಂದು ಸಲ ನೋಡಿದಳು, ಜಗಲಿ ಹತ್ತಿ ಕೂತಳು.

"ನಾನೇ ಹೇಳ್ಬಿಟ್ಟೆ ಅಮ್ಮ" ಅಂದಳು. "ಇನ್ಯಾರದೋ ಫೋನಲ್ಲಿ ಅವನು ನೋಡೋದಕ್ಕಿಂತ ನನ್ನ ಬಾಯಲ್ಲೇ ಕೇಳ್ಲಿ ಅಂತ. ದಿನಾ ಒಂದು ಗಂಟೆ ನಂದು, ಎಲ್ಲಿ ಅಂತ ಕೇಳ್ಬೇಡ ಅಂದೆ."

ಏನಾಯಿತು ಅಂತ ಪುಟ್ಟಲಕ್ಷ್ಮಿ ಕೇಳಲಿಲ್ಲ. ಕಲಾವತಿಯೇ ಹೇಳಿದಳು. "ಎರಡು ದಿನ ಮಾತಿಲ್ಲ. ಮೂರನೇ ದಿನ ಸಾರಿಗೆ ಉಪ್ಪು ಜಾಸ್ತಿ ಆಗಿದೆ ಅಂದ. ಅಲ್ಲಿಂದ ಮಾತು ಶುರುವಾಯ್ತು." ಆಮೇಲೆ ಫೋನ್ ತೆಗೆದು, ಆ ಚುಕ್ಕೆಯನ್ನು ಪೂರ್ತಿ ಅಳಿಸುವುದು ಹೇಗೆ ಅಂತ ಕೇಳಿದಳು. ಅಜ್ಜಿ ಒಂದೊಂದೇ ಹೇಳಿದರು, ಅವಳ ಬೆರಳು ಒಂದೊಂದೇ ಒತ್ತಿತು.

ಈಗ ಜಗಲಿಗೆ ಜನ ಮತ್ತೆ ಬರುತ್ತಿದ್ದಾರೆ, ಮುಂಚಿನಷ್ಟಿಲ್ಲ. ಹೂಕುಂಡದ ಕಳ್ಳ ಸಿಕ್ಕಿಲ್ಲ. ಯಾರ ಮನೆಗೆ ದಿನಾ ಹೊರಗಿನ ಊಟ ಬರುತ್ತೆ, ಯಾರ ಮಗಳನ್ನು ಯಾರ ಬೈಕು ಬಿಟ್ಟುಹೋಯ್ತು ಅನ್ನುವುದು ಮಾತ್ರ ರಸ್ತೆಗೆಲ್ಲ ಗೊತ್ತಾಗಿದೆ. ರಸ್ತೆಯ ಮೂಲೆಯಲ್ಲಿ ನಿಂತು ಮನೆಗೆ ಗೊತ್ತಾಗದ ಹಾಗೆ ಸಿಗರೇಟು ಸೇದುವ ಗುರುಚರಣ್ ತಮ್ಮ ಹೆಂಡತಿ ಮಹತಿಯವರ ಫೋನಿನಲ್ಲೇ ಸಿಕ್ಕಿಬಿದ್ದರು. ಆಂಟಿ ಹೇಳಿದ್ದನ್ನು ಮುಂದಿನ ಮೀಟಿಂಗಿನಲ್ಲಿ ಇನ್ನೊಮ್ಮೆ ಇಟ್ಟು ನೋಡೋಣ ಅಂತ ಈಗ ಅವರೇ ಅನ್ನುತ್ತಿದ್ದಾರೆ. ಪುಟ್ಟಲಕ್ಷ್ಮಿ ಬೇಡುತ್ತಿರುವುದೂ ಅಷ್ಟೇ. ಕಂಬ ಕೀಳಬೇಕಾಗಿಲ್ಲ, ನೋಡುವ ಕಣ್ಣು ಕಮ್ಮಿಯಾದರೆ ಸಾಕು.

ಹೊರಡುವಾಗ, ಕಲಾವತಿಯ ಧೈರ್ಯದ ಬಗ್ಗೆ ಚೆನ್ನಾಗಿ ಬರೆಯುತ್ತೇನೆ ಅಂದೆ. ಪುಟ್ಟಲಕ್ಷ್ಮಿಯವರ ಮುಖದಲ್ಲಿ ನಗು ಇರಲಿಲ್ಲ.

"ಅವಳು ಧೈರ್ಯವಂತೆ ಅಂತ ಬರೀಬೇಡಪ್ಪ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಒಂದು ಮನೆ ಜಗಲಿಗೆ ಬಂದು ಕೂರೋದಕ್ಕೆ ಅಷ್ಟೊಂದು ಧೈರ್ಯ ಯಾಕೆ ಬೇಕಾಯ್ತು ಅಂತ ಬರಿ."