ಆಮದು ದೇವರುಗಳು

ಗ್ರೀಕ್ ಮತ್ತು ರೋಮನ್ ದೇವರುಗಳು ನನಗೆ ಗಂಟುಬಿದ್ದದ್ದು ಕ್ಯಾಲಿಫೋರ್ನಿಯಾದ 680 ಹೆದ್ದಾರಿಯ ಟ್ರಾಫಿಕ್ಕಿನಲ್ಲಿ. ಸ್ಯಾನ್ ರಮೋನಿನ ಮನೆಯಿಂದ ವಾಲ್ನಟ್ ಕ್ರೀಕಿನ ಆಫೀಸಿಗೆ ಹೋಗುವಾಗ ಕೇಳಲು ಏನಾದರೂ ಬೇಕಿತ್ತು. ಧ್ಯಾನದ ಉಪದೇಶ ಹಾಕಿಕೊಂಡೆ, ನಿದ್ದೆ ಬಂತು. ಆಮೇಲೆ ಈ ಪುರಾಣಗಳು ಸಿಕ್ಕವು. ಆಫೀಸು ಬಂದರೂ ಪಾರ್ಕಿಂಗಿನಲ್ಲಿ ಕೂತು ಕೇಳುವಷ್ಟು ಚಟ ಹತ್ತಿತು. ಆ ದೇವರುಗಳು ಹೊಟ್ಟೆಕಿಚ್ಚು ಪಡುತ್ತಾರೆ, ಸುಳ್ಳು ಹೇಳುತ್ತಾರೆ, ಹೆಂಡತಿಯ ಕೈಗೆ ಸಿಕ್ಕಿಬಿದ್ದು ಹಲ್ಲು ಕಿರಿಯುತ್ತಾರೆ. ಇದರಿಂದ ಕಲಿಯಬೇಕಾದ ನೀತಿ ಯಾವುದು ಎಂದು ಕೊನೆಯಲ್ಲಿ ಯಾರೂ ಬಂದು ಕೊರೆಯುವುದಿಲ್ಲ. ನಮ್ಮವರ ವಾರಾಂತ್ಯದ ಊಟದ ಕೂಟಗಳಿಗಿಂತ ಅಲ್ಲಿ ಪ್ರಾಮಾಣಿಕತೆ ಹೆಚ್ಚು ಅನ್ನಿಸಿತು.

ಆಗ ನಾನು ಶನಿವಾರದ ಕನ್ನಡ ತರಗತಿಯಲ್ಲಿ ಪಾಠ ಹೇಳುತ್ತಿದ್ದೆ. ಮಕ್ಕಳೆಲ್ಲ ಇಲ್ಲೇ ಹುಟ್ಟಿದವರು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ, ಅದೂ ಆಕಳಿಕೆಯ ನಡುವೆ. ಒಂದು ದಿನ ಕಾಗುಣಿತ ಬದಿಗಿಟ್ಟು ಪರ್ಸೆಫನಿಯ ಕಥೆ ಹೇಳಿದೆ. ಹೂ ಕೊಯ್ಯುತ್ತಿದ್ದ ಹುಡುಗಿಯನ್ನು ಪಾತಾಳದ ರಾಜ ಹೊತ್ತೊಯ್ದ. ಬೆಳೆಗಳ ದೇವತೆಯಾದ ಅವಳ ತಾಯಿ ಸಿಟ್ಟಿಗೆದ್ದು ಭೂಮಿಯಲ್ಲಿ ಒಂದು ಕಾಳೂ ಮೊಳೆಯದಂತೆ ಮಾಡಿದಳು. ಅಲ್ಲಿಗೆ ನಿಲ್ಲಿಸಿ ನೀರು ಕುಡಿದೆ.

"ಆಮೇಲೆ?" ಎಂದಳು ಹಿಂದಿನ ಸಾಲಿನ ಒಬ್ಬ ಹುಡುಗಿ.

ಆ ತರಗತಿಯಲ್ಲಿ ಒಂದು ಮಗು ತಾನಾಗಿ ಆಡಿದ ಮೊದಲ ಕನ್ನಡ ಪದ ಅದು.

ಹುಡುಗಿ ಮನೆಗೆ ಹೋಗಿ ಕಥೆಯನ್ನು ಅಪ್ಪನಿಗೆ ಒಪ್ಪಿಸಿದಳು. ಅಪ್ಪ ಮೈಸೂರಿನ ಇಂಜಿನಿಯರು, ತರಗತಿಯ ಸಮಿತಿಗೆ ಮುಖ್ಯಸ್ಥರು. ಮರುದಿನವೇ ಅವರ ಮನೆಯಲ್ಲಿ ಸಭೆ ಸೇರಿತು. ಇಟಲಿಯ ಯಂತ್ರದಲ್ಲಿ ಕಾಫಿ ಇಳಿಸುತ್ತಾ ಅವರು ಕೇಳಿದರು: "ನಮ್ಮಲ್ಲೇ ಮುಕ್ಕೋಟಿ ದೇವ್ರುಗಳಿರೋವಾಗ ಇಂಪೋರ್ಟ್ ಮಾಡೋದ್ಯಾಕೆ ಮೇಡಂ?"

ಹೊರಗೆ ಜರ್ಮನ್ ಕಾರು ನಿಂತಿತ್ತು. ಒಳಗೆ ಮಗಳು ಪಿಯಾನೊ ನುಡಿಸುತ್ತಿದ್ದಳು. ಗ್ರೀಕರದ್ದೆಲ್ಲ ನಮ್ಮಿಂದ ಕದ್ದ ಮಾಲು ಎಂದೂ ಅವರು ವಿವರಿಸಿದರು. ಹಾಗಾದರೆ ನಮ್ಮ ಮಾಲನ್ನೇ ವಾಪಸು ತಂದೆನಲ್ಲ ಎಂದೆ. ಯಾರೂ ನಗಲಿಲ್ಲ. ಆ ದೇವರುಗಳ ನಡತೆ ಸರಿಯಿಲ್ಲ, ಮಕ್ಕಳ ಮನಸ್ಸು ಕೆಡುತ್ತದೆ ಎಂದು ಒಬ್ಬ ತಾಯಿ ಆತಂಕಪಟ್ಟರು. ಕೊನೆಗೆ ಮುಖ್ಯಸ್ಥರೇ ದಾರಿ ತೋರಿಸಿದರು: ಅವರ ದೇವರಾಜ ಝ್ಯೂಸ್‌ಗೆ ಮೂಲ ನಮ್ಮ ಇಂದ್ರ, ಮುಂದಿನ ವಾರ ಇಂದ್ರನ ಕಥೆ ಹೇಳಿ, ನಾವೂ ಬಂದು ಕೂರುತ್ತೇವೆ.

ಹೇಳಿದೆ. ಇಂದ್ರ ಋಷಿಯ ವೇಷ ಹಾಕಿಕೊಂಡು ಅಹಲ್ಯೆಯ ಮನೆಗೆ ಬಂದು ಅವಳನ್ನು ವಂಚಿಸಿದ್ದು, ಗಂಡನ ಶಾಪಕ್ಕೆ ಅವಳು ಕಲ್ಲಾದದ್ದು. ಮಕ್ಕಳ ಮುಂದೆ ಎಷ್ಟು ತಿಳಿಯಾಗಿ ಹೇಳಬಹುದೋ ಅಷ್ಟು ತಿಳಿಯಾಗಿಯೇ ಹೇಳಿದೆ. ಆದರೂ ಹಿಂದೆ ಕುಳಿತಿದ್ದ ತಂದೆತಾಯಿಯರು ಕುರ್ಚಿಯಲ್ಲಿ ಮಿಸುಕಾಡತೊಡಗಿದರು. ಅದೇ ಹುಡುಗಿ ಕೈಯೆತ್ತಿದಳು.

"ತಪ್ಪು ಮಾಡಿದ್ದು ಅವನು. ಅವಳು ಯಾಕೆ ಸ್ಟೋನ್ ಆದ್ಲು?"

ಇಂದ್ರನನ್ನು ಆರಿಸಿದವರೇ ಉತ್ತರಿಸಲಿ ಎಂದು ನಾನು ಅವಳಪ್ಪನ ಕಡೆ ನೋಡಿದೆ. ಅವರು ಫೋನು ನೋಡುತ್ತಾ, "ಅದಕ್ಕೆ ಡೀಪ್ ಮೀನಿಂಗ್ ಇದೆ ಪುಟ್ಟಿ, ಮನೇಲಿ ಹೇಳ್ತೀನಿ" ಎಂದರು.

"ಇಲ್ಲೇ ಹೇಳು."

ಆ ವಾರವೇ ಫೋನಿಗೆ ಸಮಿತಿಯ ಸಂದೇಶ ಬಂತು: ದೇವರುಗಳನ್ನು ಸದ್ಯಕ್ಕೆ ಕೈಬಿಡಿ, ತರಕಾರಿಗಳ ಹೆಸರು ಕಲಿಸಿ. ಬದನೆಕಾಯಿ, ಬೆಂಡೆಕಾಯಿಗಳ ನಡತೆಯ ಬಗ್ಗೆ ಯಾರದ್ದೂ ತಕರಾರಿರಲಿಲ್ಲ. ಹೀರೆಕಾಯಿಯವರೆಗೆ ಕಲಿಸಿ ನಾನು ಬಿಟ್ಟುಬಂದೆ.

ಈಗ ಭಾನುವಾರಗಳಂದು ನಮ್ಮ ಗ್ಯಾರೇಜಿನಲ್ಲಿ ನಾಲ್ಕಾರು ಮಕ್ಕಳು ಸೇರುತ್ತಾರೆ. ಗ್ರೀಕರು, ರೋಮನ್ನರು, ನಮ್ಮವರು, ಯಾರಿಗೂ ವೀಸಾ ಕೇಳುವುದಿಲ್ಲ. ಆ ಹುಡುಗಿ ಮನೆಯಲ್ಲಿ ಹಟ ಹಿಡಿದು ಬರುತ್ತಾಳಂತೆ. ಅವಳಪ್ಪನೇ ಕರೆತಂದು ಬಿಟ್ಟು, ಕಥೆ ಮುಗಿಯುವವರೆಗೆ ಹೊರಗೆ ಕಾರಿನಲ್ಲೇ ಕೂತಿರುತ್ತಾರೆ. ಒಳಗೆ ಬನ್ನಿ ಎಂದು ಒಮ್ಮೆ ಕರೆದೆ. ಮೀಟಿಂಗಿದೆ ಎಂದರು. ಭಾನುವಾರ ಮಧ್ಯಾಹ್ನ ಯಾರ ಜೊತೆ ಎಂದು ಕೇಳಲಿಲ್ಲ. ಗ್ಯಾರೇಜಿನ ಕಡೆಗಿದ್ದ ಕಾರಿನ ಕಿಟಕಿಯ ಗಾಜನ್ನು ಮಾತ್ರ ಪೂರ್ತಿ ಇಳಿಸಿಕೊಂಡಿದ್ದರು.