ಕಾಡುಬಸಳೆಯ ಪಂದ್ಯ

ಆಗೆಲ್ಲ ಪಾಂಡವಪುರದ ಸುತ್ತಿನ ಹಳ್ಳಿಗಳಲ್ಲಿ ಹುಡುಗಿ ಮೈನೆರೆದರೆ ಹಿತ್ತಲಲ್ಲಿ ಗುಡ್ಲು ಹಾಕುತ್ತಿದ್ದರು. ಸೋದರಮಾವ ಹಸಿ ತೆಂಗಿನ ಗರಿಯಲ್ಲಿ ಕಟ್ಟಿಕೊಟ್ಟ ಆ ಪುಟ್ಟ ಗುಡಿಸಲಲ್ಲಿ ಹನ್ನೊಂದು ದಿನ ಕೂರಬೇಕು. ತೊಂಬತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ ನಾನೂ ಕೂತೆ. ಏಳನೇ ಕ್ಲಾಸು ಪಾಸಾಗಿತ್ತು. ನಮ್ಮೂರಿನ ಸ್ಕೂಲು ಅಲ್ಲಿಗೇ ಮುಗಿಯುತ್ತಿತ್ತು. ಹೈಸ್ಕೂಲಿಗೆ ಪಾಂಡವಪುರದ ಬಸ್ಸು ಹತ್ತಬೇಕು. ಮೈನೆರೆದವಳನ್ನು ಅಷ್ಟು ದೂರ ಕಳಿಸುವುದೋ ಬೇಡವೋ ಎಂದು ಮನೆಯವರು ಹಿತ್ತಲ ಬಾಗಿಲಲ್ಲಿ ಮಾತಾಡುವುದು ಗರಿಯ ಸಂದಿಯಿಂದ ಕೇಳಿಸುತ್ತಿತ್ತು.

ಗುಡ್ಲಿನಲ್ಲಿ ಉಂಡ ಪಾತ್ರೆ ಮತ್ತೆ ಒಳಗೆ ಹೋಗುವಂತಿಲ್ಲ. ಸ್ಟೀಲಿನ ತಟ್ಟೆ ಯಾಕೆ ದಂಡ ಎಂದು ಅಜ್ಜಿ, ಸೈಕಲ್ಲಿನ ಗುಜರಿಯವನಿಗೆ ಹಳೇ ಕಬ್ಬಿಣ ಕೊಟ್ಟು, ಯಾವುದೋ ಹೋಟೆಲಿನವರು ಎಸೆದಿದ್ದ ಪಿಂಗಾಣಿ ಬಟ್ಟಲು, ಸಾಸರು ತಂದಳು. ಒಂದರ ಅಂಚು ಮುಕ್ಕು, ಇನ್ನೊಂದಕ್ಕೆ ಮೈತುಂಬ ಬಿರುಕು. ಅದರಲ್ಲೇ ಕೊಬ್ಬರಿ, ಬೆಲ್ಲ, ಎಳ್ಳು ಕುಟ್ಟಿ ಕಟ್ಟಿದ ಚಿಗಲಿ ಉಂಡೆ. ಮೂರು ದಿನಕ್ಕೇ ಎಳ್ಳಿನ ವಾಸನೆ ಸಾಕಾಗಿಹೋಯಿತು. ಒಳಗೆ ಸೆಕೆ, ಹೊರಗೆ ನನ್ನ ಓರಗೆಯವರು ಕುಂಟಾಬಿಲ್ಲೆ ಆಡುವ ಸದ್ದು. ಅಳುವಿಗಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು.

ಕೈ ಸುಮ್ಮನಿರಲಾರದೆ ನಾಲ್ಕನೇ ದಿನ ಬಟ್ಟಲುಗಳಿಗೆ ಮಣ್ಣು ತುಂಬಿದೆ. ಬೇಲಿಯಿಂದ ಗುಡ್ಲಿನತ್ತ ಚಾಚಿದ್ದ ಕಾಡುಬಸಳೆಯ ದಪ್ಪ ಎಲೆಯೊಂದನ್ನು ಕಿತ್ತು ಒಂದರಲ್ಲಿಟ್ಟೆ. ಇನ್ನೊಂದಕ್ಕೆ ಲೋಳೆಸರದ ಮರಿ. ಸುತ್ತಲೂ ಬಳೆಚೂರು ಒತ್ತಿದೆ. ಚೆಂದ ಕಾಣಿಸಿತು. ಅಜ್ಜಿ ನೋಡಿ ಹೌಹಾರಿದಳು. ಮುಟ್ಟಾದವಳು ಮುಟ್ಟಿದ ಗಿಡ ಒಣಗುತ್ತದೆಂದು ಊರಿಗೆಲ್ಲ ನಂಬಿಕೆ. ಒಣಗುವುದಿಲ್ಲ ಎಂದೆ. ಅವಳು ನಕ್ಕಳು.

"ಬದುಕಿದ್ರೆ ನೋಡವ್ವ, ನಾನೇ ನಿನ್ನ ಐಸ್ಕೂಲಿಗೆ ಸೇರಿಸ್ತೀನಿ."

ಕಾಡುಬಸಳೆಯ ಎಲೆ ಎಲ್ಲಿ ಬಿದ್ದರೂ ಚಿಗುರುತ್ತದೆ ಎಂದು ಮೇಷ್ಟ್ರು ಪಾಠ ಮಾಡಿದ್ದರು. ಅಜ್ಜಿಗೆ ಅದು ಪಾಠವಿಲ್ಲದೆಯೂ ಗೊತ್ತಿದ್ದೀತು. ಗೊತ್ತಿದ್ದೇ ಪಂದ್ಯ ಕಟ್ಟಿದಳೆಂದು ಈಗ ಅನ್ನಿಸುತ್ತದೆ.

ಹತ್ತನೇ ದಿನ ಎಲೆಯಂಚಿನಲ್ಲಿ ಸಾಸಿವೆಯಷ್ಟು ಹಸಿರು ಮೂಡಿತು. ಗುಡ್ಲು ಸುಟ್ಟು, ನನಗೆ ಆರತಿ ಎತ್ತಿದ ದಿನ, ಅಜ್ಜಿ ಮೈಲಿಗೆಯನ್ನೂ ಲೆಕ್ಕಿಸದೆ ಆ ಬಟ್ಟಲನ್ನು ಒಳಗೆ ತಂದು ಅಪ್ಪನ ಮುಂದಿಟ್ಟಳು.

"ಬದುಕೈತೆ ಕಣ್ಲಾ. ಮಗೀಗೆ ಮಾತು ಕೊಟ್ಬುಟ್ಟಿವ್ನಿ, ಕಳಿಸ್ಬುಡು."

ಅಪ್ಪ ಕೂಗಾಡುವ ಮನುಷ್ಯನಲ್ಲ. ಬಟ್ಟಲನ್ನು ತಿರುಗಿಸಿ ನೋಡಿ, ಚೆನ್ನಾಗಿದೆ ಎಂದ. ಆಮೇಲೆ ಮೆಲ್ಲಗೆ ಹೇಳಿದ:

"ಗಿಡ ಮನೇಲೇ ಇರ್ತದೆ ಕಣವ್ವ. ಅದು ಬಸ್ಸು ಅತ್ತಾಕಿಲ್ಲ."

ಅಜ್ಜಿ ಬಟ್ಟಲನ್ನೆತ್ತಿಕೊಂಡು ಹಿತ್ತಲಿಗೆ ಹೋದಳು. ಜೂನ್ ತಿಂಗಳಲ್ಲಿ ಬೆಳಗಿನ ಬಸ್ಸು ನಮ್ಮ ಮನೆ ಮುಂದೆಯೇ ಹಾದುಹೋಗುವಾಗ ನಾನು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ.

ಈಗ ನಮ್ಮ ಕಡೆ ಗುಡ್ಲು ಹಾಕುವವರು ಅಪರೂಪ. ಹೆಣ್ಣುಮಕ್ಕಳು ಬಸ್ಸಿನ ತುಂಬ ಓದಲು ಹೋಗುತ್ತಾರೆ, ನೋಡಿದರೆ ಸಂತೋಷವೇ. ನಾನು ಇದನ್ನು ಏಳನೇ ಕ್ಲಾಸಿನ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಓದು ತಪ್ಪಿದ್ದನ್ನು ಹೇಗೋ ಸಹಿಸಿಕೊಂಡೆ. ಆದರೆ ದೊಡ್ಡವರ ಮುಖಕ್ಕೇ ಎದುರಾಡಿ ಪಂದ್ಯಕ್ಕೆ ನಿಂತ ಆ ಹುಡುಗಿಯೂ ಅವತ್ತೇ ಕಳೆದುಹೋದಳು. ನಾಲ್ಕು ವರ್ಷದ ಮೇಲೆ ಕೆ.ಆರ್.ಪೇಟೆ ಕಡೆಯ ಸಂಬಂಧ ಬಂದಾಗ, ಒಪ್ಪಿಗೆಯೇನಮ್ಮ ಎಂದು ಅಪ್ಪ ನನ್ನನ್ನೇ ಕೇಳಿದ. ನಿಮ್ಮಿಷ್ಟ ಎಂದುಬಿಟ್ಟೆ.