ಹೊಟ್ಟೆ ತುಂಬಿದ ಕೌದಿ

ಕುಮುದಾ ಸ್ವತಂತ್ರ ಕ್ಯುರೇಟರ್. ಅಂದರೆ ಕಲಾಪ್ರದರ್ಶನ ಕಟ್ಟುವವಳು, ಆದರೆ ತನ್ನದೆನ್ನುವ ಒಂದು ಗೋಡೆಯೂ ಇಲ್ಲದವಳು. ಗೋಡೆ ಗ್ಯಾಲರಿಯವರದು, ಕಲೆ ಕಲಾವಿದರದು, ಕಾರು ಗಂಡನದು. ತಪ್ಪು ಮಾತ್ರ ಸ್ವಂತದ್ದು. ಕ್ಯುರೇಟರ್ ಅಂದರೆ ಏನನ್ನು ಕ್ಯೂರ್ ಮಾಡುತ್ತೀರಿ ಎಂದು ಯುಗಾದಿ ಊಟದಲ್ಲಿ ಯಾರೋ ಕೇಳಿದ್ದಕ್ಕೆ, ಗೋಡೆಗಳ ಬೋಳುತನವನ್ನು ಎಂದಿದ್ದಳು.

2006ರಲ್ಲಿ ಲಾಸ್ ಏಂಜಲೀಸಿನ ಒಂದು ಗ್ಯಾಲರಿ ಅವಳಿಗೆ ಐದು ವಾರ ಗೋಡೆ ಕೊಟ್ಟಿತು. ವಿಷಯ, ಹಳೆ ಬಟ್ಟೆಯ ಹೊಸ ಕಲೆ. ಸ್ಯಾಂಟಾ ಕ್ಲಾರಿಟಾದ ಮನೆಯಿಂದ ಸ್ಯಾನ್ ಡಿಯಾಗೋವರೆಗೂ ಡ್ರೈವ್ ಮಾಡಿ ಹುಡುಕಿದವಳಿಗೆ ಬೇಕಾದದ್ದು ಸಿಕ್ಕಿದ್ದು ಅಲ್ಲಿನ ರ್ಯಾಂಚೊ ಪೆನಾಸ್ಕಿಟೋಸ್ ಬಡಾವಣೆಯಲ್ಲಿ, ಪರಿಚಯದ ಗಿರೀಶನ ಮನೆಯಲ್ಲಿ. ಸೊಸೆ ವೈಶಾಲಿಯ ಬಾಣಂತನಕ್ಕೆಂದು ಗದಗದಿಂದ ಬಂದಿದ್ದ ಗಿರೀಶನ ತಾಯಿ ಪ್ರೇಮವ್ವ, ಹುಟ್ಟಲಿರುವ ಮಗುವಿನ ತೊಟ್ಟಿಲಿಗೆ ಕೌದಿ ಹೊಲಿಯುತ್ತಿದ್ದರು. ಹಸಿರು ಇಳಕಲ್ ಸೀರೆ, ಗಂಡನ ಧೋತರ, ಗಿರೀಶನ ಶಾಲೆಯ ಖಾಕಿ ಚಡ್ಡಿ ಎಲ್ಲ ಒಂದರ ಮೇಲೊಂದು ಮಲಗಿದ್ದವು. ಒಂದು ಮೂಲೆ ಮಾತ್ರ ಇನ್ನೂ ತೆರೆದಿತ್ತು.

"ಹಾಗೇ ಇರ್ಲಿ ಆಂಟಿ, ಆ ಓಪನ್ ಮೂಲೆನೇ ಚೆನ್ನಾಗಿದೆ," ಎಂದಳು ಕುಮುದಾ.

"ಹಸದ ಕೌದಿ ಹೊಸ್ತಿಲಾ ದಾಟಬಾರದ್ರಿ," ಎಂದರು ಪ್ರೇಮವ್ವ.

ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದ ಕುಮುದಾಗೆ ಇದು ಸೊಗಸಾದ ರೂಪಕವಾಗಿ ಕೇಳಿಸಿತು. ಅವಳು ತಲೆ ಬಗ್ಗಿಸಿ ಅದನ್ನು ನೋಟ್‌ಬುಕ್ಕಿಗೆ ಇಳಿಸುತ್ತಿದ್ದಾಗಲೇ ಪ್ರೇಮವ್ವ ಒಂದು ತುಂಡು ಜೋಳದ ರೊಟ್ಟಿ, ಚೂರು ಬೆಲ್ಲ ಮೂಲೆಗೆ ತುರುಕಿ ಹೊಲಿದುಬಿಟ್ಟರು. ಕೌದಿಯ ಹೊಟ್ಟೆ ತುಂಬಿಸದಿದ್ದರೆ ಅದರ ಮೇಲೆ ಮಲಗಿದ ಕೂಸು ಹಸಿದು ಅಳುತ್ತದೆಂಬುದು ಅವರ ಮನೆಯ ನಂಬಿಕೆ. ಕೌದಿಯನ್ನು ಪ್ರದರ್ಶನಕ್ಕೆ ಕೊಡುವಾಗ ಅವರು ಕೇಳಿದ್ದೊಂದೇ: ತೊಟ್ಟಿಲಿಗೆ ಹಾಕುವ ದಿನ ಕೌದಿ ಮನೆಯಲ್ಲಿರಬೇಕು. ಕುಮುದಾ ಅವರ ಕೈ ಹಿಡಿದು ಮಾತು ಕೊಟ್ಟಳು.

ಗ್ಯಾಲರಿಯ ಫಾರಂನಲ್ಲಿ, ವಸ್ತುವಿನೊಳಗೆ ತಿನ್ನುವ ಪದಾರ್ಥವೇನಾದರೂ ಇದೆಯೇ ಎಂಬ ಪ್ರಶ್ನೆಯಿತ್ತು. ಹೊದಿಕೆಗೂ ಊಟಕ್ಕೂ ಏನು ಸಂಬಂಧ ಎಂದು ನಕ್ಕು, ಇಲ್ಲ ಎಂದು ಬರೆದು ಸಹಿ ಹಾಕಿದಳು.

ಮೂರನೆಯ ವಾರ ಕೌದಿಯ ಮೂಲೆಯಿಂದ ಹುಳುಗಳು ಹೊರಟವು. ಗ್ಯಾಲರಿಯ ಮ್ಯಾನೇಜರ್ ಹೆಂಗಸು ಕೌದಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹುಳು ಮೊಟ್ಟೆಗಳೆಲ್ಲ ಸಾಯಲೆಂದು ಹದಿನೈದು ದಿನಕ್ಕೆ ಫ್ರೀಜರಿಗೆ ಹಾಕಿಸಿದಳು. ಅದು ನಿಯಮ, ಕುಮುದಾಳ ಸಹಿಗಿಂತ ಎರಡೇ ಸಾಲು ಮೇಲೆ ಅಚ್ಚಾಗಿತ್ತು. ಅದೇ ದಿನ ಗಿರೀಶನ ಫೋನು: ಹೆಣ್ಣುಮಗು, ಮುಂದಿನ ಭಾನುವಾರ ಹದಿಮೂರನೇ ದಿನ, ತೊಟ್ಟಿಲು ಕಾರ್ಯ, ಕೌದಿ ಜೊತೆ ಊಟಕ್ಕೆ ಬನ್ನಿ.

ಕುಮುದಾ ಮ್ಯಾನೇಜರನ್ನು ಬೇಡಿಕೊಂಡಳು. ರೂಪಕವನ್ನೂ ವಿವರಿಸಿ ನೋಡಿದಳು. ಕೊನೆಗೆ ಮ್ಯಾನೇಜರ್ ಕರಗಿದ್ದು ಇಷ್ಟೇ: ಆ ಮೂಲೆಯನ್ನು ಕತ್ತರಿಸಿ ಬಿಸಾಡುವುದಾದರೆ, ಉಳಿದದ್ದನ್ನು ನಿನ್ನ ಜವಾಬ್ದಾರಿಯ ಮೇಲೆ ಶನಿವಾರವೇ ಒಯ್ಯಬಹುದು. ಕತ್ತರಿ ಕೈಗೆ ಬಂತು, ಧೈರ್ಯ ಬರಲಿಲ್ಲ. ಪ್ರೇಮವ್ವನವರಿಗೆ ಫೋನ್ ಮಾಡಿ ಎಲ್ಲವನ್ನೂ ಒಪ್ಪಿಸಿದಳು. ಆ ಕಡೆ ಕುಕ್ಕರು ಎರಡು ಸಲ ಕೂಗಿತು.

"ಹೊಟ್ಟಿ ಕೊಯ್ದು ತರಬ್ಯಾಡ್ರಿ ತಂಗಿ. ಅಲ್ಲೇ ಇರಲಿ."

ಭಾನುವಾರ ಕುಮುದಾ ಬರಿಗೈಯಲ್ಲಿ ಹೋಗಲಾರದೆ ಮಾಲ್‌ನಿಂದ ಒಂದು ಬ್ಲ್ಯಾಂಕೆಟ್ ಕೊಂಡೊಯ್ದಳು, ಮೇಲೆ ಹಳದಿ ಬಾತುಕೋಳಿಗಳು. ಪ್ರೇಮವ್ವ ಅದನ್ನೇ ತೊಟ್ಟಿಲಿಗೆ ಹಾಸಿದರು. ಹೆಂಗಸರು ಜೋಗುಳ ಶುರುಮಾಡಿದಾಗ ಮಗುವೂ ಶುರುಮಾಡಿತು. ಹಸಿವು ಎಂದರು ಯಾರೋ. ಈಗಷ್ಟೇ ಕುಡಿದಿದ್ದಾಳೆ ಎಂದಳು ವೈಶಾಲಿ. ಕುಮುದಾ ಗೋಡೆ ನೋಡುತ್ತ ನಿಂತಳು, ಅದೂ ಬೋಳಾಗಿತ್ತು.

ಊಟಕ್ಕೆ ಪ್ರೇಮವ್ವ ಅವಳಿಗೇ ಮೊದಲು ಹೋಳಿಗೆ ಬಡಿಸಿದರು. ತುಪ್ಪ ಹಾಕುತ್ತ, ಬೇರೆ ಯಾರಿಗೂ ಕೇಳದ ಹಾಗೆ ಬಗ್ಗಿದರು.

"ಅಲ್ಲೆ ಅದಕ್ಕ ಥಂಡಿ ಭಾಳ ಐತೇನ್ರಿ?"

ಬಿಳಿ ಕ್ಯಾನ್ವಾಸಿನ ಮೇಲಿನ ಬಿಳಿ ಚುಕ್ಕೆಯ ಬಗ್ಗೆ ನಾಲ್ಕು ಪುಟ ಬರೆದಿದ್ದ ಕುಮುದಾ, ಫ್ರೀಜರಿನ ಬಾಗಿಲ ಮೇಲೆ ಕಂಡ ಮೈನಸ್ ಇಪ್ಪತ್ತನ್ನು ಹೋಳಿಗೆಯೊಂದಿಗೆ ನುಂಗಿದಳು.

"ಸ್ವಲ್ಪ," ಎಂದಳು.